ಸಂಶಿಯ ಹತ್ತಿಗೆ ಇರುವೆಯ ಕಾವಲು

ಸೃಷ್ಟಿಯಲ್ಲಿ ಯಾವ ಜೀವಿಗೂ ಏನೂ ಬಿಟ್ಟಿ ಸಿಗುವುದಿಲ್ಲ. ಹುಬ್ಬಳ್ಳಿಯಿಂದ ಸಂಶಿಗೆ ಹೊರಟ ಬಸ್ಸಿನಲ್ಲಿ ನಾನು ಹೀಗೆ ಉಪದೇಶಿಸುತ್ತಿದ್ದಾಗಲೇ ಕಂಡಕ್ಟರ್ ನನ್ನ ತಂಗಿಯ ಮಗಳು ಸುಧಾಳಿಗೆ ಶೂನ್ಯ ದರದ ಟಿಕೆಟ್ ಕೊಟ್ಟ. ನನ್ನಿಂದ ಪೂರ್ತಿ ಹಣ ತೆಗೆದುಕೊಂಡು, ಚಿಲ್ಲರೆ ಇಲ್ಲವೆಂದು ಗೊಣಗಿದ.

ಸುಧಾಳದು ಮಕರಂದದ ಸಂಶೋಧನೆ. ಹತ್ತಿ ಗಿಡ ಹೂವಿನಲ್ಲಷ್ಟೇ ಅಲ್ಲ, ಎಲೆಯ ಬೆನ್ನಿನ ನರದಲ್ಲೂ ಸಿಹಿ ಒಸರುತ್ತದೆ. ಅದನ್ನು ನೆಕ್ಕಲು ಬರುವ ಇರುವೆಗಳು ಎಲೆ ತಿನ್ನುವ ಹುಳುಗಳನ್ನು ಓಡಿಸುತ್ತವೆ. ಹೀಗೆ ಸಂಬಳ ಕೊಟ್ಟು ಕಾವಲಿಟ್ಟುಕೊಂಡ ಸಸ್ಯವಂಶಗಳು ಉಳಿದವುಗಳಿಗಿಂತ ಬೇಗ ಬೇಗ ಕವಲೊಡೆದು ಹೊಸ ಜಾತಿಗಳಾಗಿವೆಯಂತೆ. ಯಾಕೆಂದು ತಿಳಿಯಲು, ಕಾವಲಿನಿಂದ ಗಿಡಕ್ಕೆ ಎಷ್ಟು ಲಾಭ ಎಂದು ಮೊದಲು ನೋಡಬೇಕು. ಅದಕ್ಕೇ ಸಂಶಿಯ ರೈತ ದಾವಲಸಾಬ ಕಾಕಾ ತಮ್ಮ ಹತ್ತಿ ಹೊಲದಲ್ಲಿ ಎರಡು ಪಟ್ಟಿ ಬಿಟ್ಟುಕೊಟ್ಟಿದ್ದರು. ಒಂದರಲ್ಲಿ ಇರುವೆಗಳಿಗೆ ಮುಕ್ತ ಪ್ರವೇಶ. ಇನ್ನೊಂದರಲ್ಲಿ ಗಿಡದ ಕಾಂಡಕ್ಕೆ ಅಂಟು ಬಳಿದು ನಿಷೇಧ. ಈ ಹಂಗಾಮಿನ ಎಣಿಕೆಯ ಮೇಲೆ ಅವಳ ಪ್ರಬಂಧ ನಿಂತಿತ್ತು. ನಾನು ನೋಡಲು ಬರುತ್ತೇನೆಂದು ಕಾಕಾಗೆ ಮೊದಲೇ ಫೋನ್ ಮಾಡಿದ್ದಳು.

ಸಂಶಿಯಲ್ಲಿ ಇಳಿದು, ಗಿರ್ಮಿಟ್ ತಿಂದು, ಹೊಲದ ದಾರಿ ಹಿಡಿದೆವು. ವಾರದ ಹಿಂದಿನ ಮಳೆಯ ಕೆಸರು ಇನ್ನೂ ಇತ್ತು; ಎರೆಮಣ್ಣು ಚಪ್ಪಲಿಗೆ ಮೆತ್ತಿ ಈ ವಯಸ್ಸಿನಲ್ಲಿ ನನ್ನ ಎತ್ತರ ಕೊಂಚ ಹೆಚ್ಚಿತು. ಕಾಕಾ ಬದುವಿನ ಮೇಲೆ ಕಾಯುತ್ತಿದ್ದರು.

"ಬರ್ರಿ ಮಾಸ್ತರ. ಆರಾಮ ಅಡ್ಡಾಡ್ರಿ. ಒಂದ್ ಇರವಿ ಕಚ್ಚಂಗಿಲ್ಲ."

ಸುಧಾ ನಿಂತಲ್ಲೇ ನಿಂತಳು. "ಯಾಕ್ರಿ ಕಾಕಾ?"

"ನಿಮ್ಮ ಮಾಮಾ ಬರಾಕತ್ತಾರಂದ್ರ ಹೊಲಾ ಹಂಗ ಬಿಡಾಕ ಬರ್ತೈತೇನವ್ವಾ? ಇರವಿ ಪಟ್ಟಿಗೆ ನಿನ್ನೆನ ಬುಡಕ್ಕ ಇರವಿ ಸಾಯೂ ಪುಡಿ ಹಾಕೇನಿ. ಅಗದಿ ಸ್ವಚ್ಛ."

ಮನೆಗೆ ಬರುವವರಿದ್ದರೆ ಅಂಗಳ ಗುಡಿಸುವುದು ಎಲ್ಲ ಕಡೆಯ ಪದ್ಧತಿ. ಹೊಲ ಗುಡಿಸಿದ್ದು ನನ್ನ ಗೌರವಾರ್ಥ. ನಿವೃತ್ತಿಯ ದಿನವೂ ನನಗೆ ಇಂಥ ಸನ್ಮಾನ ಆಗಿರಲಿಲ್ಲ. ಆದರೆ ಸುಧಾಳ ಕಣ್ಣು ತುಂಬಿತ್ತು. ಸಂಗತಿ ತಿಳಿದಾಗ ಕಾಕಾ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ತಪ್ಪಾತವ್ವಾ. ಬೆಲ್ಲಾ ಇಡೂಣೇನು? ಬರ್ತಾವ."

"ಬೆಲ್ಲಕ್ಕ ಬಂದ್ರ ಬೆಲ್ಲಾನ ಕಾಯ್ತಾವ್ರಿ ಕಾಕಾ, ಗಿಡಾ ಅಲ್ಲ."

ಸುಧಾ ಬದುವಿನ ಮೇಲೆ ಕೂತಳು. ನಾನು ಸಮಾಧಾನ ಹೇಳಲು ಹೋಗಲಿಲ್ಲ. ಅನಾಹುತಕ್ಕೆ ನಿಮಿತ್ತನಾದವನು ತತ್ವ ಹೇಳಬಾರದು. ಕೊನೆಗೆ ಅವಳೇ ಎದ್ದು ಅಂಟಿನ ಪಟ್ಟಿಯತ್ತ ಹೋದಳು. ಅಲ್ಲಿ ಪುಡಿ ಬಿದ್ದಿರಲಿಲ್ಲ, ಇರುವೆ ಗೂಡುಗಳು ಹಾಗೇ ಇದ್ದವು.

"ಪಟ್ಟಿ ಅದಲು ಬದಲು ಮಾಡೂಣು. ಇಲ್ಲಿ ಅಂಟು ತಗಿಯೂಣು, ಅಲ್ಲಿ ಹಚ್ಚೂಣು."

"ಮಾಸ್ತರ, ನೀವು ನೆರಳಿಗೆ ಕುಂಡ್ರಿ," ಎಂದರು ಕಾಕಾ.

"ನನ್ನ ಸತ್ಕಾರ ಸಾಕ್ರಿ," ಎಂದು ನಾನೂ ಅಂಟು ಒರೆಸುವ ಎಣ್ಣೆ ಬಟ್ಟೆ ಹಿಡಿದೆ.

ರೊಟ್ಟಿ, ಶೇಂಗಾ ಹಿಂಡಿ ಚಟ್ನಿಯ ಊಟ ಮುಗಿಸಿ ನೋಡಿದಾಗ ಒರೆಸಿದ ಕಾಂಡಗಳ ಮೇಲೆ ಇರುವೆಗಳು ಹತ್ತುತ್ತಿದ್ದವು. ಸಂಜೆಯ ಬಸ್ಸಿಗೆ ಮರಳಿದೆವು. ಅದುವರೆಗಿನ ಎಣಿಕೆ ಕೈಬಿಟ್ಟು ಸುಧಾ ಹೊಸದಾಗಿ ಶುರುಮಾಡಿದಳು. ಈ ಹಂಗಾಮಿನ ಉಳಿದ ದಿನಗಳು ಸಾಲದೆ ಪ್ರಬಂಧ ಒಂದು ಹಂಗಾಮು ತಡವಾಯಿತು.