ದೂಮಣ್ಣ ಮತ್ತು ‘ಆ ಹೊಗೆ’

ಆಗಬೋಟು ಎಂಬ ಶಬ್ದ ದೂಮಣ್ಣನ ಬಾಯಿಂದ ಬಂದದ್ದನ್ನು ನಾನು ಬಹಳ ಕಾಲ ಕೇಳಿರಲಿಲ್ಲ. ‘ಆ ಹೊಗೆ’ ಎನ್ನುತ್ತಿದ್ದರು, ಅಷ್ಟೆ. ಬೊಂಬಾಯಿಯಿಂದ ಹೊಗೆ ಕಾರುತ್ತಾ ಬರುವ ಆ ಉಗಿಹಡಗು ಅಳಿವೆಯ ಹೊರಗೆ ಲಂಗರು ಹಾಕಿದಾಗ ಬಂದರಿನ ಜನವೆಲ್ಲ ಸರಕು ಇಳಿಸುವ ದಕ್ಕೆಗೆ ಓಡಿದರೆ, ಇವರು ಕಡಲಿಗೆ ಬೆನ್ನು ಹಾಕಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

ಹಾಯಿ ಕಟ್ಟಿ ಸರಕು ಸಾಗಿಸುವ ಮಂಜಿಗಳಿಗೆ ಅವರು ದಲ್ಲಾಳಿ. ಅಪ್ಪ, ಅಜ್ಜ ಇಬ್ಬರೂ ಮಂಜಿ ನಡೆಸಿದ ತಾಂಡೇಲರು. ನನಗೆ ಮಂಗಳೂರಿನ ಫಳ್ನೀರಿನಲ್ಲಿ ಸಣ್ಣ ಬಟ್ಟೆಯಂಗಡಿ. ಮಾಲು ಬೊಂಬಾಯಿಯಿಂದ ಬರಬೇಕು. ಆಗಬೋಟಿಗೆ ಬಾಡಿಗೆ ಜಾಸ್ತಿ, ಆದರೆ ಹೇಳಿದ ದಿನಕ್ಕೆ ಬರುತ್ತಿತ್ತು. ಮಂಜಿಗೆ ಬಾಡಿಗೆ ಅಗ್ಗ, ಬರುವುದು ಗಾಳಿ ಬಂದ ಹಾಗೆ. ಒಮ್ಮೆ ಅವರ ಮಾತು ನಂಬಿ ದೀಪಾವಳಿಯ ಸೀರೆಗಳನ್ನು ಮಂಜಿಗೆ ಹಾಕಿಸಿದೆ. ಹಬ್ಬ ಕಳೆದ ಮೇಲೆ ಬಂತು. ನಾನು ಸಿಟ್ಟಿನಲ್ಲಿ ಹೋದರೆ, “ಎಂತ ಮಾರಾಯ್ರೆ, ಬರುವ ದೀಪಾವಳಿಗೆ ಎಲ್ಲರಿಗಿಂತ ಮೊದಲು ಬಂದದ್ದು ನಿಮ್ಮದೇ ಅಲ್ವಾ?” ಎಂದು ಎಲೆಯಡಿಕೆಯ ತಟ್ಟೆ ಮುಂದಿಟ್ಟರು. ಇಂಥವರ ಹತ್ತಿರ ಜಗಳ ಮಾಡುವುದು ಹೇಗೆ? ನಾನೂ ನಕ್ಕುಬಿಟ್ಟೆ.

ಅವರ ಹೆಂಡತಿ ಕಮಲಕ್ಕ ಹಾಸಿಗೆ ಹಿಡಿದಾಗ ಡಾಕ್ಟರು ಬರೆದುಕೊಟ್ಟ ಔಷಧಿ ಮಂಗಳೂರಿನಲ್ಲಿ ಸಿಗಲಿಲ್ಲ. ಬೊಂಬಾಯಿಯಿಂದಲೇ ತರಿಸಬೇಕಿತ್ತು. “ಇದೊಂದು ಸಲ ಆಗಬೋಟಿಗೆ ಹಾಕಿಸಿ ದೂಮಣ್ಣ” ಎಂದು ನಾನು ಅಂಗಲಾಚಿದೆ.

“ಊರಿಗೆಲ್ಲ ಮಂಜಿಯನ್ನು ನಂಬಿ ಅಂತ ಹೇಳ್ತೇನೆ. ನನ್ನ ಮನೆಯದ್ದನ್ನು ಆ ಹೊಗೆಯಲ್ಲಿ ತರಿಸಿದ್ರೆ ನಾಳೆ ಯಾವ ಮುಖ ಇಟ್ಕೊಂಡು ಇಲ್ಲಿ ಕೂತ್ಕೊಳ್ಳುದು? ಗಾಳಿ ಒಳ್ಳೆದುಂಟು. ಬರ್ತದೆ.”

ಬೊಂಬಾಯಿಯಲ್ಲಿ ಹೊರಡಲು ನಿಂತಿದ್ದ ಮಂಜಿಗೆ ಔಷಧಿ ತರಲು ತಂತಿ ಹೋಯಿತು. ಕಾರವಾರದ ಹತ್ತಿರ ಗಾಳಿ ಬಿದ್ದುಹೋಯಿತಂತೆ. ಆ ನಡುವೆ ಆಗಬೋಟು ಬಂತು, ಹೋಯಿತು. ಕಮಲಕ್ಕ ತೀರಿಕೊಂಡರು. ಉತ್ತರಕ್ರಿಯೆಯ ಬೊಜ್ಜದ ಊಟವೂ ಮುಗಿದ ಮೇಲೆ ಮಂಜಿ ಬಂತು. ತಾಂಡೇಲ ಹುಲ್ಲಿನಲ್ಲಿ ಸುತ್ತಿದ ಔಷಧಿಯ ಶೀಸೆ ಹಿಡಿದು ಅಳುತ್ತಾ ನಿಂತಿದ್ದ. “ನೀನು ಎಂತಕ್ಕೆ ಅಳುದು? ಗಾಳಿ ನಿನ್ನ ಕೈಯಲ್ಲಿ ಉಂಟಾ? ಮಂಜಿ ಅಂತ ಹೇಳಿದವ ನಾನಲ್ವಾ” ಎಂದು ದೂಮಣ್ಣ ಆ ಶೀಸೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ನನಗೆ ನೋಡಲಾಗಲಿಲ್ಲ.

ಆಮೇಲೆ ಸರಕು ಕಳಿಸಲು ಬಂದವರನ್ನೆಲ್ಲ ಅವರು ಕೇಳುವುದು ಒಂದೇ: “ಅಲ್ಲಿ ಯಾರಾದ್ರೂ ಕಾಯ್ತಾ ಇದ್ದಾರಾ?” ಹೌದೆಂದರೆ, “ಹಾಗಾದ್ರೆ ಆಗಬೋಟಿಗೆ ಹಾಕಿ” ಎನ್ನುತ್ತಿದ್ದರು. ಆ ಶಬ್ದ ಅವರ ಬಾಯಿಂದ ಬಂದದ್ದು ಆಗಲೇ ಮೊದಲು. ತಾವೇ ಎದ್ದು ಹೋಗಿ ಕಂಪೆನಿಯ ಆಫೀಸು ತೋರಿಸಿಯೂ ಬರುತ್ತಿದ್ದರು. ದಲ್ಲಾಳಿ ಕೆಲಸ ಹೀಗೆ ನಡೆಯುತ್ತದೆಯೆ? ನಿಂತುಹೋಯಿತು.

ಮಕ್ಕಳಿರಲಿಲ್ಲ. ಕೊನೆಗೆ ಬೊಂಬಾಯಿಯಲ್ಲಿದ್ದ ದೂರದ ಸಂಬಂಧಿಯೊಬ್ಬರ ಮನೆಗೆ ಹೊರಟರು. ಬೀಳ್ಕೊಡಲು ದಕ್ಕೆಗೆ ಹೋದರೆ ಮಂಜಿ ಹತ್ತುತ್ತಿದ್ದಾರೆ.

“ಈ ಪ್ರಾಯದಲ್ಲಿ ಮಂಜಿಯಾ ದೂಮಣ್ಣ? ಆಗಬೋಟಿನಲ್ಲಿ ಹೋಗ್ಬಾರದಾ?”

“ಅಲ್ಲಿ ನನ್ನನ್ನು ಯಾರು ಕಾಯ್ತಾರೆ ಮಾರಾಯ್ರೆ? ನಿಧಾನಕ್ಕೆ ಹೋದ್ರೆ ಸಾಕು.”

“ಬರುವಾಗ ಆಗಬೋಟಿನಲ್ಲೇ ಬನ್ನಿ. ಇಲ್ಲಿ ನಾನು ಕಾಯ್ತೇನೆ” ಎಂದೆ.

“ಆಯ್ತು” ಎಂದು ತಲೆಯಾಡಿಸಿದರು.

ಆಮೇಲೆ ಆಗಬೋಟು ಬಂದಾಗಲೆಲ್ಲ ಅಂಗಡಿ ಮುಚ್ಚಿ ದಕ್ಕೆಗೆ ಹೋಗುತ್ತಿದ್ದೆ. ದೂಮಣ್ಣ ಬರಲಿಲ್ಲ.