ಕೀ ಮುಟ್ಟದ ಮೆಕ್ಯಾನಿಕ್

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಮನೆಯ ಮುಂದಿನ ಇಕ್ಕಟ್ಟು ಜಾಗದಲ್ಲಿ ನಿಂತ ಹಳೆಯ ಬೂದು ಕಾರಿನ ಬಾನೆಟ್ ಎತ್ತಿ, ಅಂಗಿಯ ತೋಳು ಮಡಚಿಕೊಂಡ ಹೆಂಗಸೊಬ್ಬರು ಒಳಗೆ ಬಗ್ಗಿದ್ದಾರೆ. ಹಲ್ಲಿನ ನಡುವೆ ಸಣ್ಣ ಟಾರ್ಚು, ಕೈಯಲ್ಲಿ ಸ್ಪ್ಯಾನರ್. ಕಾರಿನ ಹಿಂಬದಿಯಲ್ಲಿ, ಸೈಲೆನ್ಸರಿಗೆ ಒಂದು ಮೊಳ ದೂರದಲ್ಲಿ, ಅವರ ಗಂಡ ಮರದ ಸ್ಟೂಲಿನ ಮೇಲೆ ಕುಳಿತಿದ್ದಾರೆ. ಕಣ್ಣಿಗೆ ಕಪ್ಪು ಕನ್ನಡಕ. ಅಂಗೈಯನ್ನು ಹೊಗೆಕೊಳವೆಗೆ ಒಡ್ಡಿ, ತಲೆ ಓರೆ ಮಾಡಿ, ಕಿವಿಗೊಟ್ಟು ಕಾಯುತ್ತಿದ್ದಾರೆ. ಸ್ಟೀರಿಂಗಿನ ಹಿಂದೆ ಇರುವವರು ಕಾರಿನ ಒಡತಿ. ಮನೆಮನೆಗೆ ಹೋಗಿ, ಹಾಸಿಗೆ ಹಿಡಿದವರ ಹುಣ್ಣು ತೊಳೆದು ಪಟ್ಟಿ ಕಟ್ಟುವ ದಾದಿ ಅವರು.

ದಾದಿ ಕೀ ತಿರುಗಿಸುತ್ತಾರೆ. ಎಂಜಿನ್ ಮುಕ್ಕರಿಸುತ್ತದೆ, ತೊದಲುತ್ತದೆ, ಇನ್ನೇನು ಸುಧಾರಿಸಿತು ಅನ್ನುವಷ್ಟರಲ್ಲಿ ‘ಢಂ’ ಎಂದು ಸಿಡಿದು ನಿಂತುಬಿಡುತ್ತದೆ. ಎದುರು ಮನೆಯ ಕಿಟಕಿಯೊಂದು ತೆರೆದು, ಗೊಣಗಿ, ಮುಚ್ಚಿಕೊಳ್ಳುತ್ತದೆ.

“ನನ್ನ ರೋಗಿಗಳಿಗೂ ಇಷ್ಟು ಕೆಮ್ಮಿಲ್ಲ ಅಕ್ಕಾ” ಎನ್ನುತ್ತಾರೆ ದಾದಿ. ನಗಲು ನೋಡುತ್ತಾರೆ, ನಗು ಬರುವುದಿಲ್ಲ. “ನಿನ್ನೆ ಅರ್ಧ ದಾರೀಲಿ ಕೈ ಕೊಡ್ತು. ಒಬ್ಬರು ಅಜ್ಜಿ ಬೆನ್ನಿನ ಹುಣ್ಣಿಗೆ ಪಟ್ಟಿ ಬದಲಾಯಿಸೋಕೆ ಆಗಲೇ ಇಲ್ಲ. ಇವತ್ತೂ ಹೋಗದಿದ್ರೆ ಕೀವಾಗುತ್ತೆ.”

ಈ ಬೀದಿಗಳಲ್ಲಿ ಹೆಂಡತಿಯನ್ನು ಎಲ್ಲರೂ ‘ಅಕ್ಕ’ ಎನ್ನುತ್ತಾರೆ, ಗಂಡನನ್ನು ‘ಮೇಸ್ತ್ರಿ’ ಎನ್ನುತ್ತಾರೆ. ದೊಡ್ಡ ಗ್ಯಾರೇಜಿನವರು ಹಳೆಯ ಕಾರು ಕಂಡರೆ ಮೂಗು ಮುರಿಯುತ್ತಾರೆ. ಬಿಡಿಭಾಗ ಸಿಗುವುದಿಲ್ಲ, ಮೂಗಿಗಿಂತ ಮೂಗುತಿ ಭಾರ, ಗುಜರಿಗೆ ಹಾಕಿ ಎಂದುಬಿಡುತ್ತಾರೆ. ಹಾಗೆ ಕೈಬಿಟ್ಟ ಗಾಡಿಗಳ ಮನೆ ಬಾಗಿಲಿಗೆ ಇವರಿಬ್ಬರೇ ಹೋಗುತ್ತಾರೆ. ಸ್ಕೂಟರ್ ಓಡಿಸುವುದು ಅಕ್ಕ, ಹಿಂದೆ ಸಾಮಾನಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುವುದು ಮೇಸ್ತ್ರಿ. ದಿನಕ್ಕೆ ಎರಡು ಮನೆ, ಹೆಚ್ಚೆಂದರೆ ಮೂರು. ಎಂಜಿನ್ ತಣ್ಣಗಿದ್ದಾಗಲೇ ಅದರ ಕಾಯಿಲೆ ಕೇಳಬೇಕು ಎನ್ನುವುದು ಮೇಸ್ತ್ರಿಯ ಹಟವಾದ್ದರಿಂದ ಮೊದಲ ಮನೆ ಯಾವಾಗಲೂ ನಸುಕಿಗೇ. “ಜ್ವರ ಇಳಿದ ಮೇಲೆ ಡಾಕ್ಟರ್ ಬಂದು ಏನು ಮಾಡ್ತಾನೆ?” ಎಂದು ಅವರು ಕೇಳುತ್ತಾರೆ.

ಕಣ್ಣಿಲ್ಲದೆ ಕಾಯಿಲೆ ಹೇಳುವ ಮೇಸ್ತ್ರಿಯನ್ನು ಜನ ಹಾಡಿ ಹೊಗಳುತ್ತಾರೆ. ಬೋಲ್ಟು ಬಿಚ್ಚಿ, ಕೈ ಸುಟ್ಟುಕೊಂಡು, ಕಾರಿನಡಿ ಮಲಗಿ ಎದ್ದವರು ಮಾತ್ರ ‘ಮೇಸ್ತ್ರಿಯ ಹೆಂಡತಿ’. ಇವರ ಬಗ್ಗೆ ಬರೆಯಲೆಂದು ಜೊತೆಗೆ ಬಂದಿರುವ ನನಗೆ ಇದು ಸಿಟ್ಟು ತರಿಸುತ್ತದೆ. ಅಕ್ಕನಿಗೆ ತರಿಸುವುದಿಲ್ಲ. “ಕಂಡವರ ಬಾಯಿಗೆ ಬೀಗ ಹಾಕೋಕಾಗುತ್ತಾ? ಗಾಡಿ ಓಡಿದ್ರೆ ಸಾಕು” ಎಂದು ಬೆರಳು ಒರೆಸಿಕೊಳ್ಳುತ್ತಾರೆ.

ಆದರೆ ಒಂದು ವಿಚಿತ್ರವನ್ನು ಎಲ್ಲರೂ ಗಮನಿಸಿದ್ದಾರೆ. ಇಷ್ಟು ವರ್ಷಗಳಲ್ಲಿ ಅಕ್ಕ ಯಾರ ಕಾರಿನ ಕೀಯನ್ನೂ ಮುಟ್ಟಿಲ್ಲ. ಮನೆಯವರೇ ಚಾಲೂ ಮಾಡಬೇಕು, ಮನೆಯವರೇ ಆರಿಸಬೇಕು. ಮೇಸ್ತ್ರಿ ಬಾನೆಟ್ ಹತ್ತಿರ ಸುಳಿಯುವಂತಿಲ್ಲ. ಯಾಕೆ ಎಂದು ಕೇಳಿದರೆ ಅಕ್ಕ ಸ್ಪ್ಯಾನರ್ ಒರೆಸತೊಡಗುತ್ತಾರೆ. ಹೇಳಿದವರು ಮೇಸ್ತ್ರಿ.

ಮೇಸ್ತ್ರಿಗೆ ಕಣ್ಣು ಕಾಣುತ್ತಿದ್ದ ಕಾಲದಲ್ಲಿ ಅವರದೇ ಒಂದು ರಿಪೇರಿ ಷೆಡ್ಡಿತ್ತು. ಗಂಡ ಎಂಜಿನ್ ಮೇಲೆ ಬಗ್ಗಿರುವಾಗ ಹೆಂಡತಿ ಡ್ರೈವರ್ ಸೀಟಿನಲ್ಲಿ ಕೂತು ಕಾಯುವುದು ರೂಢಿ. ಗದ್ದಲದಲ್ಲಿ ಮಾತು ಕೇಳಿಸದು, ಮೇಲೆತ್ತಿದ ಬಾನೆಟ್ ಅಡ್ಡವಿರುವುದರಿಂದ ಮುಖ ಕಾಣದು. ಹಾಗಾಗಿ ಮಡ್‌ಗಾರ್ಡಿಗೆ ಸ್ಪ್ಯಾನರಿನಿಂದ ಎರಡು ಸಲ ಬಡಿದರೆ ಚಾಲೂ ಮಾಡು ಎಂದರ್ಥ. “ಅವತ್ತು ಸ್ಪ್ಯಾನರ್ ಕೈಯಿಂದ ಜಾರ್ತು. ಒಂದ್ಸಲ ಬಡೀತು, ಪುಟಿದು ಇನ್ನೊಂದ್ಸಲ ಬಡೀತು. ಇವಳು ತಿರುಗಿಸಿದಳು. ನಾನು ಫಿಲ್ಟರ್ ಮುಚ್ಚಳ ತೆಗೆದಿಟ್ಟು, ಗಾಳಿ ಪೆಟ್ರೋಲ್ ಬೆರೆಯೋ ಕಾರ್ಬುರೇಟರ್ ಬಾಯೊಳಗೆ ಇಣುಕ್ತಾ ಇದ್ದೆ. ಎಂಜಿನ್ ಬೆಂಕಿ ಉಗುಳ್ತು. ಮುಚ್ಚಳ ತೆಗೆದು ಮುಖ ಇಟ್ಟಿದ್ದು ನಾನು. ಇವಳದೇನು ತಪ್ಪು?”

“ಯಾರ ತಪ್ಪಾದ್ರೇನು” ಎನ್ನುತ್ತಾರೆ ಅಕ್ಕ, ತಲೆ ಎತ್ತದೆ. “ಕೈ ನಂದು.”

ಷೆಡ್ಡು ಮುಚ್ಚಿತು. ಮೇಸ್ತ್ರಿ ಮನೆಯೊಳಗೆ ಗೋಡೆಗೆ ಮುಖ ಮಾಡಿ ಕೂತರು. ಒಂದು ದಿನ ಬೀದಿಯಲ್ಲಿ ಹೋದ ಗಾಡಿಯ ಸದ್ದು ಕೇಳಿ, “ಮೂರನೇ ಪ್ಲಗ್ ಹೋಗಿದೆ” ಎಂದು ತಮಗೆ ತಾವೇ ಅಂದುಕೊಂಡರಂತೆ. ಅಕ್ಕ ಒಲೆ ಆರಿಸಿ, ಓಡಿಹೋಗಿ ಆ ಗಾಡಿಯನ್ನು ತಡೆದರು. ಅವರ ಕಸುಬು ಶುರುವಾದದ್ದು ಹಾಗೆ. “ಮೊದಮೊದಲು ಎಡಕ್ಕೆ ಅಂದ್ರೆ ಬಲಕ್ಕೆ ತಿರುಗಿಸ್ತಿದ್ದೆ, ಇವರು ಬೈತಿದ್ರು, ನಾನು ಅಳ್ತಿದ್ದೆ, ಆಮೇಲೆ ನಾನೂ ಬೈಯೋದನ್ನ ಕಲಿತೆ” ಎಂದು ಅಕ್ಕ ಹೇಳುತ್ತಾರೆ.

ಇವತ್ತಿನ ಕಾರು ಸುಲಭಕ್ಕೆ ಬಗ್ಗುವಂತಿಲ್ಲ. ದಾದಿ ಮತ್ತೆ ಚಾಲೂ ಮಾಡಿ ಆಕ್ಸಿಲರೇಟರ್ ಒತ್ತಿ ಹಿಡಿದಾಗ, ಅಕ್ಕ ರಬ್ಬರ್ ಹಿಡಿಯ ಇಕ್ಕಳದಿಂದ ಪ್ಲಗ್ಗುಗಳ ವೈರನ್ನು ಒಂದೊಂದಾಗಿ ಕಿತ್ತು ಮತ್ತೆ ಸಿಕ್ಕಿಸುತ್ತಾರೆ. ಒಂದೊಂದು ಕಿತ್ತಾಗಲೂ ಎಂಜಿನ್ ಒಂದೇ ಅಳತೆಯಲ್ಲಿ ಕುಸಿಯುತ್ತದೆ. “ಇದು ಒಬ್ಬನ ಕಳ್ಳಾಟ ಅಲ್ಲ. ನಾಲ್ಕು ಪ್ಲಗ್ಗಿಗೂ ಒಂದೇ ರೋಗ” ಎಂದು ಹಿಂದಿನಿಂದ ಮೇಸ್ತ್ರಿ ಕೂಗುತ್ತಾರೆ. ಅಕ್ಕ ಪ್ಲಗ್ ಬಿಚ್ಚಿ ತುದಿಗೆ ಬೆಳಕು ಬಿಡುತ್ತಾರೆ. ಸುಣ್ಣದಂಥ ಬಿಳುಪು. ಪೆಟ್ರೋಲ್ ಸರಿಯಾಗಿ ಹರಿಯುತ್ತಿದೆ, ಆದರೂ ಗಾಳಿ ಜಾಸ್ತಿಯಾಗುತ್ತಿದೆ. ಅಂದರೆ ಎಲ್ಲೋ ಬಿರುಕಿನಿಂದ ಕಳ್ಳಗಾಳಿ ನುಗ್ಗುತ್ತಿದೆ.

ಅಕ್ಕ ಕೀಲುಗಳಿಗೆಲ್ಲ ಬ್ರಷ್ಷಿನಿಂದ ಎಣ್ಣೆ ಹಚ್ಚಿ ನೋಡುತ್ತಾರೆ; ಎಣ್ಣೆ ಬಿರುಕು ಮುಚ್ಚಿದರೆ ಸದ್ದು ಬದಲಾಗಬೇಕು, ಬದಲಾಗುವುದಿಲ್ಲ. ರಬ್ಬರ್ ನಳಿಕೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಎಂಜಿನ್ ಸುತ್ತ ಆಡಿಸುತ್ತಾರೆ. “ನಂಗೆ ಬರೀ ಗಲಾಟೆ ಕೇಳುತ್ತೆ ರೀ.” ಬಿರುಕು ಸಿಳ್ಳೆ ಹಾಕುವುದು ಎಂಜಿನ್ ಇನ್ನೇನು ಸಾಯುತ್ತದೆ ಅನ್ನುವ ಹೊತ್ತಿನಲ್ಲಿ ಮಾತ್ರ. ಆಕ್ಸಿಲರೇಟರನ್ನು ಕೂದಲೆಳೆಯಷ್ಟು ಒತ್ತಿ ಅದನ್ನು ಅಲ್ಲೇ ಹಿಡಿದಿಡಬೇಕು. ದಾದಿಯ ಕಾಲಿಗೆ ಅದು ಒಲಿಯುತ್ತಿಲ್ಲ. ಒತ್ತಿದರೆ ಅಬ್ಬರಿಸುತ್ತದೆ, ಬಿಟ್ಟರೆ ಸಾಯುತ್ತದೆ.

ದಾದಿಯ ಫೋನ್ ರಿಂಗಾಗುತ್ತದೆ. ಅಜ್ಜಿಯ ಮಗಳು. “ಬರ್ತೀನಮ್ಮ, ಹೊರಟೆ” ಎನ್ನುವ ದಾದಿಯ ದನಿಯಲ್ಲಿ ನಂಬಿಕೆ ಇಲ್ಲ.

ಮೇಸ್ತ್ರಿ ಎದ್ದು ನಿಲ್ಲುತ್ತಾರೆ. ಕಾರಿನ ಮೈ ಸವರುತ್ತಾ ಹಿಂದಿನಿಂದ ಮುಂದಕ್ಕೆ ನಡೆದು ಬರುತ್ತಾರೆ. “ನಳಿಕೆ ಇಲ್ಲಿ ಕೊಡು. ನೀನು ಹೋಗಿ ಸೀಟಲ್ಲಿ ಕೂತ್ಕೋ.”

“ಬೇಡ ರೀ.”

“ಇದಕ್ಕೆ ನಿನ್ನ ಕಾಲೇ ಬೇಕು.”

“ನನ್ನ ಕೈಲಾಗಲ್ಲ.” ಅಕ್ಕ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. “ಸಿಸ್ಟರ್, ನೀವು ಬೇರೆ ಯಾರನ್ನಾದ್ರೂ ಕರೆಸಿ.”

ಕರೆಸಲು ಬೇರೆ ಯಾರೂ ಇಲ್ಲ ಎನ್ನುವುದು ಮೂವರಿಗೂ ಗೊತ್ತು. ದಾದಿ ಕೆಳಗಿಳಿದು, ಬಾಗಿಲು ತೆರೆದೇ ಬಿಟ್ಟು ಪಕ್ಕಕ್ಕೆ ನಿಲ್ಲುತ್ತಾರೆ. ಮೇಸ್ತ್ರಿ ತಡಕಾಡಿ, ಅಕ್ಕ ತೆಗೆದಿಟ್ಟಿದ್ದ ಫಿಲ್ಟರ್ ಮುಚ್ಚಳ ಹುಡುಕಿ, ಕೂರಿಸಿ, ತಿರುಪು ಬಿಗಿಯುತ್ತಾರೆ. ಹೆಂಡತಿಯ ಕೈ ಹಿಡಿದೆಳೆದು ಮುಚ್ಚಳದ ಮೇಲಿಡುತ್ತಾರೆ. “ಅಲ್ಲಾಡಿಸಿ ನೋಡು. ಬಿಗಿಯಾಗಿದೆಯಾ? ಇವತ್ತು ಬಡಿಯೋದು ಗಿಡಿಯೋದು ಇಲ್ಲ. ಬಾಯಲ್ಲೇ ಹೇಳ್ತೀನಿ.”

ಅಕ್ಕ ಮುಚ್ಚಳವನ್ನು ಅಲ್ಲಾಡಿಸುತ್ತಾರೆ. ಮತ್ತೊಮ್ಮೆ ಅಲ್ಲಾಡಿಸುತ್ತಾರೆ. ಆಮೇಲೆ ಹೋಗಿ ಸೀಟಿನ ತುದಿಯಲ್ಲಿ ಕೂರುತ್ತಾರೆ. ಬೆರಳನ್ನು ಬಟ್ಟೆಗೆ ಒರೆಸಿಕೊಂಡು ಕೀ ಹಿಡಿಯುತ್ತಾರೆ. ಬಾನೆಟ್ಟಿನ ಆಚೆಗೆ ಗಂಡನ ಮುಖ ಅವರಿಗೆ ಕಾಣುವುದಿಲ್ಲ.

“ಹಾಕೇ” ಎನ್ನುತ್ತಾರೆ ಮೇಸ್ತ್ರಿ.

ಕೀ ತಿರುಗುವುದಿಲ್ಲ.

“ನಾನು ಹೇಳ್ತಿದೀನಲ್ಲ. ಹಾಕು.”

ಕೀ ತಿರುಗುತ್ತದೆ. ಎಂಜಿನ್ ಕೆಮ್ಮಿ, ತೊದಲಿ, ಸಾಯುವ ಅಂಚಿಗೆ ಬಂದು ಅಲ್ಲಿಯೇ ತಂಗುತ್ತದೆ. ಅಕ್ಕನ ಪಾದ ಅದನ್ನು ಹಿಡಿದುಕೊಂಡಿದೆ. ಮೇಸ್ತ್ರಿ ನಳಿಕೆಯನ್ನು ಕಿವಿಗಿಟ್ಟು, ಮುಖ ತಗ್ಗಿಸಿ ಹುಡುಕುತ್ತಾರೆ. ಇದ್ದಕ್ಕಿದ್ದಂತೆ ‘ಢಂ’. ಮುಚ್ಚಳ ಅದುರುತ್ತದೆ. ಅಕ್ಕ ಕಣ್ಣು ಮುಚ್ಚಿ ಗಂಡನನ್ನು ಕೂಗುತ್ತಾರೆ.

“ಇದೀನಿ, ಇದೀನಿ. ಕಾಲು ತೆಗೀಬೇಡ” ಎಂಬ ದನಿ ಬರುತ್ತದೆ.

ಅಕ್ಕ ಕಾಲು ತೆಗೆಯುವುದಿಲ್ಲ. ಕಾರ್ಬುರೇಟರಿನ ಕೆಳಗೆ ನುಸುಳಿದ ರಬ್ಬರ್ ಪೈಪೊಂದರ ಅಡಿಗೆ ಮೇಸ್ತ್ರಿ ಬೆರಳು ತೂರಿಸಿ ಒತ್ತುತ್ತಾರೆ. ತೊದಲು ನಿಂತು ಎಂಜಿನ್ ಒಂದೇ ಸಮನೆ ಓಡತೊಡಗುತ್ತದೆ. ಬೆರಳು ತೆಗೆದರೆ ಮತ್ತೆ ಮುಕ್ಕರಿಸುತ್ತದೆ. ಮೇಲಿನಿಂದ ನೋಡಿದರೆ ಹೊಸದರಂತಿದ್ದ ಪೈಪು ಅಡಿಯಲ್ಲಿ ಸೀಳಿಹೋಗಿತ್ತು. ಅಕ್ಕ ಇಳಿದು ಬಂದು, ಎಂದಿನಂತೆ ಪಳಗಿದ ಕೈಗಳಿಂದ ಅದನ್ನು ಕಿತ್ತು, ಪೆಟ್ಟಿಗೆಯಲ್ಲಿದ್ದ ಹೊಸ ತುಂಡು ಹಾಕಿ ಬಿಗಿಯುತ್ತಾರೆ. ದಾದಿ ಔಷಧಿಯ ಚೀಲವನ್ನು ಸೀಟಿಗೆಸೆದು ಹೊರಡುತ್ತಾರೆ. ತಿರುವಿನವರೆಗೂ ಒಂದು ಕೆಮ್ಮೂ ಕೇಳಿಸುವುದಿಲ್ಲ.

ಅಕ್ಕ ನಲ್ಲಿಯ ಕೆಳಗೆ ಕೈ ಉಜ್ಜುತ್ತಾ ಬಹಳ ಹೊತ್ತು ನಿಲ್ಲುತ್ತಾರೆ. ನಿಮಗೇನಾದರೂ ಆಸೆ ಇದೆಯೇ ಎಂದು ನಾನು ಕೇಳುತ್ತೇನೆ. ಆ ಹೊತ್ತಿಗೆ ಅದು ತೀರಾ ಪೇಲವ ಪ್ರಶ್ನೆ. ಅವರು ಹೆಗಲಿಗೆ ಮುಖ ಒರೆಸಿಕೊಂಡು, ಸ್ಕೂಟರಿನ ಪಕ್ಕ ನಿಂತ ಗಂಡನ ಕಡೆ ನೋಡುತ್ತಾರೆ.

“ನಾಳೆಯಿಂದ ಇವರನ್ನ ಕಾರಿನ ಮುಂದೆ, ಬಾನೆಟ್ ಹತ್ರಾನೇ ಕೂರಿಸ್ಕೊಳ್ತೀನಿ” ಎನ್ನುತ್ತಾರೆ. “ಹಿಂದೆ ಕೂತು ಎಷ್ಟು ವರ್ಷ ಅಂತ ಹೊಗೆ ಕುಡೀತಾರೆ, ಪಾಪ.”