ಫಲಿತಾಂಶಕ್ಕಿಂತ ಮೊದಲು ನುಚ್ಚು

ಬಿ.ಎ. ಪರೀಕ್ಷೆ ಬರೆದು ಹುಮನಾಬಾದಿನ ಮನೆಗೆ ಮರಳಿದ ಆ ವಸಂತದಲ್ಲಿ, ಫಲಿತಾಂಶದ ಚಿಂತೆಯಿಂದ ನನಗೆ ಊಟ, ನಿದ್ರೆಗಳೆರಡೂ ದೂರವಾಗಿದ್ದವು. ಸುದ್ದಿ ತಿಳಿಸುವೆನೆಂದಿದ್ದ ಗೆಳೆಯನ ಕಾಗದಕ್ಕಾಗಿ ದಿನವೂ ಅಂಚೆಯವರಿಗೆ ಎದುರಾಗಿ ಓಡುತ್ತಿದ್ದೆ. ಇದನ್ನು ನೋಡಲಾರದೆ ಅವ್ವ, ಅಂಚೆ ಬರುವ ಬೆಳಗಿನ ಹತ್ತರ ಹೊತ್ತಿಗೆ ನನ್ನನ್ನು ಒಲೆಯ ಮುಂದೆ ಕೂಡಿಸಿ ಜೋಳದ ನುಚ್ಚು ತಿರುವಲು ಹಚ್ಚಿದಳು.

"ಎಷ್ಟು ನಿಮಿಷ ತಿರುವಬೇಕವ್ವ?" ಎಂದೆ.

"ನಿನ್ನ ಪುಸ್ತಕದಾಗ ಬರದಿಲ್ಲೇನು? ಕೈ ಬಿಟ್ಟರ ತಳ ಹಿಡೀತದ. ಅಷ್ಟ ತಿಳಕೋ."

ಹೀಗೆ ದಿನವೂ ತಿರುವತೊಡಗಿದ ನಾಲ್ಕನೆಯ ದಿನ ಅಂಚೆಯವರು ಬಾಗಿಲಲ್ಲಿ ನಿಂತು, "ಇಂದು ಯಾಕ ಓಡಿ ಬರಲಿಲ್ರಿ? ಕಾಗದ ಬಂದದ" ಎಂದರು.

"ಅಲ್ಲೇ ಇಟ್ಟು ಹೋಗ್ರಿ. ನುಚ್ಚು ಕುದಿಯಾಕತ್ತದ," ಎಂದೆ.

ಮಜ್ಜಿಗೆ ಕಲಸಿಕೊಂಡು ಎರಡು ಗಂಗಾಳ ನುಚ್ಚು ಉಂಡ ಮೇಲೆಯೇ ಕಾಗದ ಒಡೆದೆ. ಪಾಸಾಗಿದ್ದೆ.

ಅವ್ವ ನನ್ನ ಖಾಲಿ ಗಂಗಾಳವನ್ನೇ ನೋಡುತ್ತ, "ಛಲೋ ಆತು. ನಾಳಿಗೂ ನೀನೇ ತಿರುವು," ಎಂದಳು.